ಲೈಟಣ್ಣ ಬೈಯುತ್ತಿರುವ ಫೋಟೋ

ಅತ್ತಿಗೆಯವರೇ, ಅವರ ಮನೆಯವರೇ, ಸ್ಟುಡಿಯೋ ಕೆಲಸದ ನನ್ನ ಗೆಳೆಯರೇ — ಎಲ್ಲರಿಗೂ ನಮಸ್ಕಾರ. ಉದ್ದ ಭಾಷಣ ಅಂದರೆ ನಮ್ಮ ಲೈಟಣ್ಣನಿಗೆ ಆಗುತ್ತಿರಲಿಲ್ಲ. ನಾನೂ ಬೇಗ ಮುಗಿಸುತ್ತೇನೆ.

ಇಲ್ಲಿ ಕೂತಿರುವ ಅರ್ಧ ಜನರ ಮದುವೆ ಫೋಟೋ ತೆಗೆದವರು ಅವರು. ಆದರೆ ಅತ್ತಿಗೆಯ ಜೊತೆ ಅವರದೇ ಒಂದು ನೆಟ್ಟಗಿನ ಫೋಟೋ ಇರಲಿಲ್ಲ. ಕೇಳಿದರೆ, "ನಾನು ಅಲ್ಲಿ ಹೋಗಿ ಕೂತ್ರೆ ಇಲ್ಲಿ ಯಾರು ನಿಲ್ತಾರೆ?" ಎನ್ನುತ್ತಿದ್ದರು. ಕಾಯಿಲೆ ಬಿದ್ದ ಮೇಲೆ ಅತ್ತಿಗೆ ಹಟ ಹಿಡಿದರು — ಕೂರುವ ಶಕ್ತಿ ಇರುವಾಗಲೇ ಒಂದು ಫೋಟೋ ಆಗಬೇಕು.

ಹೋದ ತಿಂಗಳು ಇಬ್ಬರೂ ಸ್ಟುಡಿಯೋಗೆ ಬಂದರು; ಕ್ಯಾಮೆರಾ ಹಿಡಿದವನು ನಾನು. ಅಣ್ಣ ಸ್ಟೂಲಿನ ಮೇಲೆ, ಅತ್ತಿಗೆ ಪಕ್ಕದಲ್ಲಿ ನಿಂತು. ದೊಡ್ಡ ಲೈಟುಗಳನ್ನು ಮಿಂಚಿಸುವ ರಿಮೋಟ್ ಅವತ್ತೇ ಕೈಕೊಟ್ಟಿತು. ಇರಲಿ — ಕ್ಯಾಮೆರಾದ ತಲೆಯ ಮೇಲೆ ಪುಟ್ಟ ಫ್ಲ್ಯಾಶ್ ಇದೆಯಲ್ಲ? ಅದು ಮಿಂಚಿದರೆ ಸಾಕು, ದೊಡ್ಡ ಲೈಟಿನಲ್ಲಿರುವ ಕಣ್ಣು ಅದನ್ನು ನೋಡಿ ತಾನೂ ಮಿಂಚುತ್ತದೆ. ಮಿಂಚಿತು ಕೂಡ! ಫೋಟೋ ನೋಡಿದರೆ — ಕತ್ತಲು. ಮತ್ತೆ ತೆಗೆದೆ. ಮತ್ತೆ ಕತ್ತಲು. ಅಣ್ಣ ಒಂದು ಕಡೆ ವಾಲುತ್ತಿದ್ದರು. ಅತ್ತಿಗೆ ಅವರನ್ನು ಹಿಡಿದುಕೊಂಡರು.

"ಲೋ, ಆ ಪುಟ್ಟ ಫ್ಲ್ಯಾಶ್ ಆಟೋದಲ್ಲಿದೆ!" ಎಂದು ಅಣ್ಣ ಗದರಿದರು — ಹೀಗೆ, ಬೆರಳು ಚಾಚಿ. "ಬೆಳಕು ಅಳೆಯೋಕೆ ಅದು ಮೊದ್ಲೊಂದ್ಸಲ ಮಿಂಚುತ್ತೆ. ಈ ದೊಡ್ಡ ಲೈಟು ಅದಕ್ಕೇ ಮಿಂಚಿ, ಫೋಟೋ ಹೊತ್ತಿಗೆ ಖಾಲಿಯಾಗ್ತಿವೆ. ಮ್ಯಾನ್ಯುಯಲ್‌ಗೆ ಹಾಕು, ಪವರ್ ಪೂರ್ತಿ ಇಳಿಸು!"

ಹಾಕಿದೆ, ಇಳಿಸಿದೆ. ಅವರ ಬೈಗುಳ ಇನ್ನೂ ನಡೆದೇ ಇತ್ತು. ಸರಿಯಾಯಿತೋ ಇಲ್ಲವೋ ನೋಡೋಣ ಎಂದು ಒಂದು ಸಲ ಒತ್ತಿದೆ — ಎಲ್ಲ ಲೈಟೂ ಒಟ್ಟಿಗೆ ಬಂದವು. "ಹಾಂ! ಈಗ ನೆಟ್ಟಗೆ ಕೂರ್ತೀನಿ, ತೆಗಿ" ಅಂದರು. ಕೂರಲು ಆಗಲಿಲ್ಲ. ಎತ್ತಿಕೊಂಡೇ ಮನೆಗೆ ಕರೆದೊಯ್ದೆವು.

ಹಾಗಾಗಿ ಉಳಿದದ್ದು, ನೋಡೋಣ ಎಂದು ಒತ್ತಿದ ಆ ಒಂದೇ ಫೋಟೋ. ನಿಮ್ಮ ಮುಂದಿರುವುದು ಅದೇ — ಬಾಯಿ ತೆರೆದು ನನ್ನನ್ನು ಬೈಯುತ್ತಿರುವ ಲೈಟಣ್ಣ. ಇವತ್ತಿನ ಶ್ರದ್ಧಾಂಜಲಿಗೆಂದು ಅವರ ಭಾಗ ಮಾತ್ರ ಕತ್ತರಿಸಿ ಫ್ರೇಮ್ ಹಾಕಿಸಿದೆ. ಭುಜದ ಮೇಲೆ ಅತ್ತಿಗೆಯ ಕೈ ಉಳಿದುಬಿಟ್ಟಿತು. "ಅದನ್ನ ಅಳಿಸಿಬಿಡ್ಲಾ ಅತ್ತಿಗೆ? ಕಂಪ್ಯೂಟರ್‌ನಲ್ಲಿ ಸುಲಭ" ಎಂದೆ.

"ಬೇಡಪ್ಪ" ಅಂದರು. "ಕೈ ಬಿಟ್ರೆ ಬಿದ್ದುಬಿಡ್ತಾರೆ."

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅತ್ತಿಗೆ, ನೀವು ಕೂತೇ ಇರಿ — ನಾವು ನಿಲ್ಲುತ್ತೇವೆ. ಒಂದು ನಿಮಿಷ, ಯಾರೂ ಮಾತಾಡುವುದು ಬೇಡ.