ಸಾಹುಕಾರರು ಗೋಣಿಯ ಮೇಲೆ ಕೂತದ್ದು

ಒಂದು ಪೇಟೆಯ ನಟ್ಟನಡುವೆ ಒಬ್ಬ ಸಾಹುಕಾರರ ಮೂರಂತಸ್ತಿನ ಸೀರೆ ಅಂಗಡಿಯಿತ್ತು. ಅವರ ಹೆಸರು ಬೇಡ, ನೆಂಟರು ಈ ಮಂಟಪದಲ್ಲೇ ಕೂತಿರಬಹುದು. ಅಂಗಡಿ ತುಂಬ ಎಸಿ. ಆದರೆ ನೋಡಿ, ಮುಂದಿನ ಗಾಜಿನ ಬಾಗಿಲು ಮಾತ್ರ ದಿನವಿಡೀ ಹಾರುಹೊಡೆದಿರುತ್ತಿತ್ತು. ಯಾಕೆ? ಬಾಗಿಲು ಮುಚ್ಚಿದರೆ ಲಕ್ಷ್ಮಿ ಹೊಸಿಲಿನಿಂದಲೇ ಹಿಂದಿರುಗುತ್ತಾಳೆ ಎಂದು ಅವರ ತಂದೆ ಹೇಳಿದ್ದರು. ತಂದೆಯ ಕಾಲದಲ್ಲಿ ಎಸಿ ಎಲ್ಲಿತ್ತು? ಅದನ್ನು ಇವರು ಯೋಚಿಸಲೇ ಇಲ್ಲ. ತಂಪೆಲ್ಲ ಬೀದಿಗೆ ಸುರಿಯುತ್ತಿತ್ತು, ಯಂತ್ರಗಳು ಬಿಡುವಿಲ್ಲದೆ ದುಡಿಯುತ್ತಿದ್ದವು. ಕರೆಂಟು ಹೋದರೆ ಜನರೇಟರ್, ಅದರ ಕಪ್ಪು ಹೊಗೆ.

ಅಂಗಡಿಯ ಪಕ್ಕದ ಓಣಿಯಲ್ಲಿ ಚಿಕ್ಕತಾಯಮ್ಮ ಎಂಬಾಕೆ ಹೂ ಮಾರುತ್ತಿದ್ದಳು. ಇಪ್ಪತ್ತು ವರ್ಷದಿಂದ ಅಂಗಡಿಯ ಲಕ್ಷ್ಮಿ ಪಟಕ್ಕೆ ಸಂಜೆಯ ಮಾಲೆ ಅವಳದೇ. ಅದು ಬಿದ್ದ ಮೇಲೇ ಸಾಹುಕಾರರಿಗೆ ಕಾಫಿ.

ಒಂದು ಶುಕ್ರವಾರ ಬಂದ ಮಾಲೆ ಬಾಡಿ ಜೋತುಬಿದ್ದಿತ್ತು. ಸಾಹುಕಾರರಿಗೆ ಸಿಟ್ಟು ನೆತ್ತಿಗೇರಿತು.

“ದೇವ್ರಿಗೆ ಬಾಡಿದ್ ಹೂ ತರ್ತೀಯೇನಮ್ಮ?”

“ಮಧ್ಯಾಹ್ನ ಮೊಗ್ಗೇ ತಂದಿದ್ದು ಸಾವ್ಕಾರ್ರೆ. ನಿಮ್ ಎಸಿ ಡಬ್ಬಗಳ ಬಿಸಿ ಗಾಳಿಗೆ ಬೆಂದೋದ್ವು. ನನಗೂ ತಡ್ಯಕ್ಕಾಯ್ತಿಲ್ಲ, ಸೋಮವಾರದಿಂದ ಬೇರೆ ಕಡೆ ಕೂತ್ಕೊತೀನಿ. ನಂಬಿಕೆ ಬರ್ದಿದ್ರೆ ಒಂದ್ಗಳಿಗೆ ನನ್ ಗೋಣಿ ಮೇಲೆ ಕೂತ್ ನೋಡಿ.”

ಇಪ್ಪತ್ತು ವರ್ಷದ ಮಾಲೆ ತಪ್ಪುವುದೇ? ಸಾಹುಕಾರರು ಹೋಗಿ ಗೋಣಿಯ ಮೇಲೆ ಕೂತರು. ಗೋಡೆಯಲ್ಲಿದ್ದ ಹನ್ನೆರಡು ಡಬ್ಬಗಳೂ ಅವರ ನೆತ್ತಿಯ ಮೇಲೆ ಬಿಸಿ ಉಗುಳಿದವು. ಐದೇ ನಿಮಿಷಕ್ಕೆ ಜುಬ್ಬ ತೊಪ್ಪೆಯಾಯಿತು. ತಮ್ಮ ತಂಪಿಗಾಗಿ ಯಾರು ಬೇಯುತ್ತಿದ್ದಾರೆಂದು ಆವತ್ತು ಗೊತ್ತಾಯಿತು. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನ ಬಾಗಿಲು ಮುಚ್ಚಿತು. ಹಾಗಾದರೆ ಲಕ್ಷ್ಮಿ? ಅದಕ್ಕೂ ಅವರೇ ದಾರಿ ಕಂಡುಕೊಂಡರು. ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತು, ಯಾರೇ ಬಂದರೂ ತಾವೇ ಎದ್ದು ಬಾಗಿಲು ತೆರೆದು, “ಬನ್ನಿ ತಾಯಿ, ಒಳಗ್ ಬನ್ನಿ” ಎಂದು ಕರೆದರು. ಅಷ್ಟು ದೊಡ್ಡ ಮನುಷ್ಯ ತಮಗಾಗಿ ಏಳುತ್ತಾನೆಂದು ಬಂದವರಿಗೆಲ್ಲ ಹಿಗ್ಗು. ತಂಪು ಒಳಗೇ ನಿಂತಿತು, ಹನ್ನೆರಡರಲ್ಲಿ ಐದು ಯಂತ್ರ ಸಾಕಾದವು. ಚಿಕ್ಕತಾಯಮ್ಮ ಸೋಮವಾರವೂ ಅಲ್ಲೇ ಕೂತಳು. ದೀಪಾವಳಿಯ ಹೊತ್ತಿಗೆ ಆ ಬೀದಿಯಲ್ಲಿ ಇನ್ನೂ ಆರು ಅಂಗಡಿಯವರು ಬಾಗಿಲು ಮುಚ್ಚುವುದನ್ನೂ ಎದ್ದು ಕರೆಯುವುದನ್ನೂ ಕಲಿತಿದ್ದರು.

ನಗುತ್ತಿದ್ದೀರಿ, ನಗಿ. ಆದರೆ ಹೇಳಿ, ನಿಮ್ಮ ಮನೆಯ ಬಿಸಿ ಯಾರ ಗೋಣಿಯ ಮೇಲೆ ಬೀಳುತ್ತಿದೆ? ನಾವು ದಂಡ ಮಾಡುವ ಕರೆಂಟಿಗಾಗಿ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ, ಅದರ ಇಂಗಾಲ ಎಲ್ಲರ ನೆತ್ತಿಯ ಮೇಲೆ ಕೂರುತ್ತದೆ. ಕೋಣೆಯಿಂದ ಏಳುವಾಗ ಫ್ಯಾನು, ದೀಪ ಆರಿಸಿ. ಎರಡು ಬೀದಿ ಆಚೆಯ ತರಕಾರಿಗೆ ನಡೆದು ಹೋಗಿ. ಪೇಟೆಗೆ ಹೋಗುವ ದಿನ ಬಸ್ಸು ಹತ್ತಿ. ಇದೇನು ತಪಸ್ಸೇ? ಆ ಸಾಹುಕಾರರು ಕುರ್ಚಿ ಬಿಟ್ಟು ಎದ್ದರು, ಅಷ್ಟೇ ತಾನೆ.

ನೀವೂ ಈಗಲೇ ಎದ್ದೇಳಿ. ಈ ಮಂಟಪದ ಹೊರಗೆ ನಾಲ್ಕು ಕಾರುಗಳು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿವೆ, ನೀವು ಹತ್ತುವಾಗ ಸೀಟು ತಣ್ಣಗಿರಲಿ ಎಂದು. ಚಪ್ಪಲಿ ಕಾಯುವಾಕೆ ಆ ಹೊಗೆಯಲ್ಲೇ ಕೂತಿದ್ದಾಳೆ. ಹೋಗಿ ಆರಿಸಿ ಬನ್ನಿ. ನೀವು ಬರುವವರೆಗೆ ನಾನು ಮುಂದಿನ ಮಾತು ಆಡುವುದಿಲ್ಲ.