ನೀರು ಕುಡಿಯೋ ಮುದುಕನ ಚಿತ್ರ

…ಹಂಗಲ್ಲವಾ, ಆಗ ಕಾರ್ಟೂನು ಕಂಪ್ಯೂಟರ್‌ನಾಗ ಆಗ್ತಿರಲಿಲ್ಲ. ಒಂದೊಂದು ಚಿತ್ರಾನೂ ಯಾರರ ಕೂತು ಕೈಲೆ ಬರೀಬೇಕು, ಇನ್ಯಾರರ ಕೂತು ಅದಕ್ಕ ಬಣ್ಣ ಹಚ್ಚಬೇಕು. ಬಣ್ಣ ಹಚ್ಚೋರ ಪೈಕಿ ನಾನು. ರೋಹನ್, ಆ ಐಪ್ಯಾಡ್ ಕೆಳಗಿಡು, ಅಜ್ಜಿ ಹೇಳೋದು ಒಂದೀಟು ಕೇಳು. ಇದೇ ರೇನರ್ಸ್ ಲೇನ್‌ನಿಂದ ಟ್ಯೂಬ್, ಅಂದ್ರ ನೆಲದಡಿ ರೈಲು, ಹಿಡದು ದಿನಾ ಊರ ನಡುವ ಹೋಗತಿದ್ದೆ. ನಮ್ಮ ಕಂಪನಿ ಅಂದ್ರ ಸಣ್ಣದಲ್ಲ ಮತ್ತ. ಮೊದಲ ಸೋಪಿನ ಜಾಹೀರಾತು, ಬಿಸ್ಕೀಟಿನ ಜಾಹೀರಾತು ಮಾಡಿಕೋತ ಇತ್ತಂತ, ಅದು ನಾ ಸೇರೋಕಿಂತ ಭಾಳ ಹಿಂದ, ಆಮ್ಯಾಲೆ ಒಂದು ಕತ್ತೆಮರಿ ಕತಿ ಟೀವಿಯೊಳಗ ಬಂತು ನೋಡು, ಕಂಪನಿ ನಸೀಬ ಖುಲಾಯಿಸ್ತು. ಕತ್ತೆಮರಿ ಸಿನಿಮಾ, ಕತ್ತೆಮರಿ ಗೊಂಬಿ, ಕತ್ತೆಮರಿ ಚಡ್ಡಿ ಸುದ್ದಾ. ನಿಮ್ಮಮ್ಮನ ಊಟದ ಡಬ್ಬಿ ಮ್ಯಾಲೂ ಅದೇ ಕತ್ತೆ. ಅದಕ್ಕ ಬೂದಿ ಬಣ್ಣ ಹಚ್ಚಿ ಹಚ್ಚಿ ನನ್ನ ಕಣ್ಣು ಹೋದವು, ಕುತ್ತಿಗಿ ಹೋತು. ಸಿನಿಮಾದ ಕಡೀಕ ಹೆಸರು ಓಡ್ತಾವಲ್ಲ, ಅದರಾಗ ನಂದೂ ಬರತಿತ್ತು, ಅಷ್ಟೊತ್ತಿಗೆ ಮಂದಿ ಎದ್ದು ಹೋಗಿರತಿದ್ರು.

ಏನು ಹೇಳಲಿಕ್ಕೆ ಹತ್ತಿದ್ದೆ? ಹಾಂ, ನಿಮ್ಮಜ್ಜ. ಧಾರವಾಡದಾಗ ಡಾಕ್ಟರ್ ಸಾಹೇಬ್ರು ಅಂತ ಮಂದಿ ಎದ್ದು ನಿಲ್ಲತಿದ್ರು, ಇಂಗ್ಲೀಷರ ಈ ದೇಶಕ್ಕ ಬಂದ್ರ ಇಲ್ಲಿ ಪರೀಕ್ಷಾ ಪಾಸ್ ಆಗೋತನಕ ಯಾವ ದವಾಖಾನಿಯೊಳಗೂ ಪೇಶಂಟನ್ನ ಮುಟ್ಟಗೊಡಂಗಿಲ್ಲ. ಬರದ್ರು, ಆಗಲಿಲ್ಲ. ಮತ್ತ ಬರದ್ರು, ಮತ್ತ ಆಗಲಿಲ್ಲ. ಮನ್ಯಾಗ ಕೂತು ನಿಮ್ಮಮ್ಮಗ ಜಡಿ ಹಾಕೋದು, ಸಾಲಿಗೆ ಬಿಟ್ಟು ಬರೋದು, ಅನ್ನಕ್ಕಿಡೋದು. ಮಾತು ಕಮ್ಮಿ ಆಗಿಬಿಟ್ಟಿದ್ವು ಅವರವು. ನನ್ನ ಪಗಾರದ ಮ್ಯಾಲೇ ಮನಿ. ಅಂಥಾ ಹೊತ್ತಿನಾಗ ಕಂಪನಿಗೆ ಕಂಪ್ಯೂಟರ್ ಬಂದ್ವು. ನಾ ಒಂದು ತಾಸು ಹಚ್ಚೋ ಬಣ್ಣ ಅದು ಗುಂಡಿ ಒತ್ತಿದ್ರ ಹಚ್ಚತಿತ್ತು. ಬಣ್ಣದ ಮಾಳಗಿ ಮುಚ್ಚತೀವಿ, ಚಿತ್ರ ತಗೀಲಿಕ್ಕೆ ಬರೋರು ಪರೀಕ್ಷಾ ಕೊಟ್ಟು ಚಿತ್ರ ಬರಿಯೋ ಮ್ಯಾಲಿನ ಮಾಳಗಿಗೆ ಹೋಗಬಹುದು, ಉಳಿದವರು ಮನಿಗೆ, ಅಂದ್ರು. ನಾ ಧಾರವಾಡದಾಗ ಚಿತ್ರಕಲಾ ಕಲಿತಾಕಿ, ಕೊಡ್ತೀನಿ ಅಂದೆ. ಈ ನೌಕರಿನೂ ಹೋದ್ರ ಊರಿಗೆ ಹೊಳ್ಳಿ ಹೋಗೋದೊಂದ ದಾರಿ, ನಿಮ್ಮಜ್ಜ ಸೋತು ಬಂದಾರ ಅಂತ ಅನಿಸ್ಕೊಂಡು.

ಪರೀಕ್ಷಾ ಏನು ಅಂದ್ರ, ಒಬ್ಬ ಮುದುಕ ಬರ್ತಾನ, ಕುರ್ಚಿ ಮ್ಯಾಲೆ ಕೂಡ್ತಾನ, ಒಂದು ಗ್ಲಾಸ್ ನೀರು ಕುಡೀತಾನ. ಇಷ್ಟ. ಹಾಳಿ ಮ್ಯಾಲೆ ಹಾಳಿ ಬರದೆ, ಎಷ್ಟು ಚಂದ ಬಂದಿತ್ತಂತೀ. ಮ್ಯಾಲಿನ ಮಾಳಗಿ ಮುಖ್ಯಸ್ಥ ಡೆರೆಕ್ ಅಂತ, ಕೆಟ್ಟವ ಅಲ್ಲ ಪಾಪ, ಹಾಳಿ ಕಟ್ಟು ಹಿಡದು ಹೆಬ್ಬಟ್ಟಿಲೆ ಫರ್ ಅಂತ ಬಿಟ್ಟು ನೋಡಿದ, ಹಂಗ ಬಿಟ್ರ ಚಿತ್ರ ನಡದಾಡಿಧಂಗ ಕಾಣ್ತದ, ಮತ್ತೊಮ್ಮೆ ಬಿಟ್ಟ. "ಸುಧಾ, ಇಂವ ಯಾಕ ನೀರು ಮಾರಿ ಮ್ಯಾಲೆ ಸುರಕೊಳ್ಳಾಕತ್ಯಾನ? ಗಿಡಕ್ಕ ಹಾಕಿಧಂಗ?" ಅಂದ. ಅಂದ ಅಂದ್ರ ಇಂಗ್ಲೀಷಿನಾಗ ಅಂದ. ನನಗ ಅವಾಗ ತಿಳೀತು ನೋಡು. ನನ್ನ ಮುದುಕ ಗ್ಲಾಸಿಗೆ ತುಟಿ ಹಚ್ಚಿರಲೇ ಇಲ್ಲ. ಗ್ಲಾಸ್ ಮ್ಯಾಲೆತ್ತಿ, ಬಾಯಿ ತಗದು, ಗಟಗಟ ಗಟಗಟ. ನಮ್ಮ ಅಪ್ಪ ಹಂಗ ಕುಡೀತಿದ್ರು, ಎಲ್ಲಾರೂ ಹಂಗ ಕುಡೀತಿದ್ವಿ. ಚಾ ಬ್ಯಾರೆ, ಚಾ ಕಪ್ಪಿಗೆ ತುಟಿ ಹಚ್ಚತೀವಿ, ಆದ್ರ ನೀರಿಗೆ ಹಚ್ಚಿದ್ರ ಎಂಜಲ ಆಗ್ತದಲ್ಲ. ಬರಿಯೋವಾಗ ಬ್ಯಾರೆ ವಿಚಾರಾನ ಬರಲಿಲ್ಲ ತಲ್ಯಾಗ. "ನಮ್ಮ ಕಡೆ ಹಿಂಗ," ಅಂದೆ. "ಇರಬಹುದು," ಅಂದ, "ನೋಡೋ ಮಂದಿ ಮುದುಕಗ ಹುಚ್ಚು ಹಿಡದದ ಅಂತಾರ. ನಾಳೆ ಬ್ಯಾರೆ ತಗೊಂಡು ಬಾ."

ಏನು, ಅದಿತಿ? "ವೈ ಡಿಡಂಟ್ ಯೂ ಆರ್ಗ್ಯೂ?" ಅಂತಾಳ ನೋಡು. ವಾದ ಮಾಡಲಿಕ್ಕೂ ತ್ರಾಣ ಬೇಕವಾ. ನನಗ ಮನಿ ಮುಟ್ಟೋದರಾಗ ಅಳು ಬಂದಿತ್ತು. ಟ್ಯೂಬಿನಾಗ ನಿಂತೇ ಬಂದೆ, ಬಂದಾಕಿ ಚಪ್ಪಲ್ ಸುದ್ದಾ ಬಿಡಲಿಲ್ಲ, ನಿಮ್ಮಜ್ಜನ ಮುಂದ ಗ್ಲಾಸ್ ಇಟ್ಟೆ. "ಒಂದೀಟು ಕೂತ್ಕೋರಿ, ತುಟಿ ಹಚ್ಚಿ ನೀರು ಕುಡೀರಿ, ನಾ ನೋಡಿ ಬರೀಬೇಕು." ನಿಮ್ಮಜ್ಜನ ಮಡಿ ನಿಮಗೇನು ಗೊತ್ತು? ಹುಟ್ಟಿದಾಗಿಂದ ನೀರಿಗೆ ತುಟಿ ಹಚ್ಚಿದ ಮನಷ್ಯಾ ಅಲ್ಲ. ಇಲ್ಲಿ ಮಂದಿ ಮನಿಗೆ ಹೋದ್ರ ನೀರಡಿಕಿ ಇಲ್ಲಂತ ಹೇಳಿ ಹಂಗ ಕೂಡತಿದ್ರು. ಬೈತಾರ ಅಂತ ಮಾಡಿದ್ದೆ. ಬೈಲಿಲ್ಲ. ಯಾಕ ಅಂತ ಸುದ್ದಾ ಕೇಳಲಿಲ್ಲ. ಬಂದು ಕೂತ್ರು, ಗ್ಲಾಸಿಗೆ ತುಟಿ ಹಚ್ಚಿದ್ರು, ಕುಡದ್ರು. "ಇನ್ನೊಮ್ಮೆ," ಅಂದೆ, ಕುಡದ್ರು. "ಸಾವಕಾಶ," ಅಂದೆ, ಸಾವಕಾಶ ಕುಡದ್ರು. ಹೊರಗ ಇನ್ನೂ ಬಿಸಿಲಿತ್ತು, ಬೆಳಕು ಅವರ ಮಾರಿ ಮ್ಯಾಲೆ ಬಿದ್ದಿತ್ತು. ಅಷ್ಟು ದಿನದಾಗ ನಾ ಆ ಮಾರಿ ಸರಿಯಾಗಿ ನೋಡಿರಲೇ ಇಲ್ಲ. ಎಷ್ಟು ಬಡಕಾಗ್ಯಾರ ಇವರು ಅಂತ ಅವಾಗ ಕಾಣಿಸ್ತು. ಅಳಕೋತನ ಬರದೆ.

ಮರುದಿವಸ ಡೆರೆಕ್ ಹಾಳಿ ಫರ್ ಅಂತ ಬಿಟ್ಟ, ಮತ್ತ ಮೊದಲಿಂದ ಬಿಟ್ಟು ನೋಡಿದ. "ಯಾರು ಇಂವ? ಭಾಳ ದಣದಾನ," ಅಂದ. ನೌಕರಿ ಉಳೀತು. ನಿಮ್ಮಜ್ಜ ಮುಂದ ಪಾಸೂ ಆದ್ರು. ಕಂಪನಿ? ಎರಡು ಸಾವಿರದ ಇಸವಿ ದಾಟಿದ ಮ್ಯಾಲೆ ಅದನ್ನ ಇನ್ನೂ ದೊಡ್ಡದೊಂದು ಕಂಪನಿ ಕೊಂಡ್ಕೊಂತು, ಚಿತ್ರಾನೂ ಕಂಪ್ಯೂಟರೇ ತಗೀಲಿಕ್ಕೆ ಹತ್ತಿತು, ನಮ್ಮ ಮಾಳಗಿನೂ ಮುಚ್ಚಿದ್ರು. ನನಗೇನು ದುಃಖ ಆಗಲಿಲ್ಲ, ಸಾಕಾಗಿತ್ತು. ನೌಕರಿ ಇವತ್ತಿರ್ತದ, ನಾಳೆ ಹೋಗ್ತದ, ಅದರ ಮಾತು ಬಿಡ್ರಿ. ಮನ್ಯಾಗಿನವರು ದಣದು ಬಂದು ಒಂದೀಟು ಕೂತ್ಕೋ ಅಂದ್ರ, ಯಾಕ ಅಂತ ಕೇಳಬ್ಯಾಡ್ರಿ. ಕೂತ್ಕೋರಿ.