ಎರಡೇ ದಿನದ ಜ್ವರ

ಔಷಧಿ ಅಂಗಡಿಯ ಸಾಲಿನಲ್ಲಿ ಮುಂದಿದ್ದ ಗೆಳತಿಯರಿಬ್ಬರ ಮಾತು, ಬೇಡವೆಂದರೂ ಮೇಷ್ಟರ ಕಿವಿಗೆ ಬಿತ್ತು.

“ಪಾಪ ಕಣೇ, ಜ್ವರದಲ್ಲಿ ಒಬ್ಬಳೇ ಮಲಗಿದಾಳೆ. ನಾವು ಹೋಗ್ತಿರೋ ಬೆಟ್ಟದ ಮನೆ ಅವಳಪ್ಪಂದು ಬೇರೆ.”

“ಮನೆ ಅವಳಪ್ಪಂದು, ಚಳಿಗಾಲದ ರಜೆ ನಮ್ಮದಲ್ವಾ?”

“ಬೀಗದ ಕೈ?”

“ಅವಳೇ ಕೊಟ್ಳು. ಒಲೆ ಹಚ್ಚಿ ಮನೆ ಬೆಚ್ಚಗೆ ಮಾಡಿಡಿ, ಜ್ವರ ಬಿಟ್ಟ ತಕ್ಷಣ ಬರ್ತೀನಿ ಅಂದ್ಲು.”

“ಬಂದ್ರೆ ಮುಗೀತು. ಅದು ಮುಟ್ಟಬೇಡಿ, ಇದು ಅಪ್ಪಂದು ಅಂತ ಪ್ರಾಣ ತಿಂತಾಳೆ.”

ಅಂಗಡಿಯವನು ಅವರ ಚೀಟಿ ನೋಡಿ, “ಒಳ್ಳೆ ಮಾತ್ರೆ. ಎರಡೇ ದಿನಕ್ಕೆ ಎದ್ದು ಓಡಾಡ್ತಾರೆ” ಎಂದ.

ಇಬ್ಬರೂ ಮುಖ ಮುಖ ನೋಡಿಕೊಂಡರು.

“ನಾವು ವಾಪಸ್ ಬರೋದು ಭಾನುವಾರ ಅಲ್ವಾ?”

“ಹೌದು. ಅಣ್ಣಾ, ಸೋಮವಾರ ತಗೊಳ್ತೀವಿ.”

“ಅವಳಿಗೇನು ಹೇಳೋದೇ?”

“ಅಂಗಡೀಲಿ ಮುಗಿದುಹೋಗಿತ್ತು ಅಂದ್ರಾಯ್ತು.”

ಚೀಟಿ ಮಡಚಿಕೊಂಡು ಇಬ್ಬರೂ ಹೊರಟರು. ಮೇಷ್ಟರು ಒಂದು ಹೆಜ್ಜೆ ಮುಂದೆ ಸರಿದರು.